ಏಳು ಸುತ್ತಿನ ಸಂದರ್ಶನ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರೇ, ಮುಂದಿನ ಸಾಲಿನಲ್ಲಿ ಊರುಗೋಲು ಹಿಡಿದು ಕುಳಿತಿರುವ ನನ್ನ ಗುರುಗಳಾದ ಚುಂಗ್ ಮೇಷ್ಟರೇ, ಪೋಷಕರೇ, ಊಟ ಯಾವಾಗ ಎಂದು ಗಡಿಯಾರ ನೋಡುತ್ತಿರುವ ವಿದ್ಯಾರ್ಥಿಗಳೇ ಮತ್ತು ಸಭಿಕರೇ,

ನಾನು ಫಾನ್ ಚ್ಯೋಮೇ. ಮೂವತ್ತೈದು ವರ್ಷಗಳ ಹಿಂದೆ ಇದೇ ತಾಂತ್ರಿಕ ಶಾಲೆಯಲ್ಲಿ ಸ್ಪ್ಯಾನರ್ ಹಿಡಿಯಲು ಕಲಿತವಳು. ಇಂದು ಸನ್ಮಾನಕ್ಕೆ ಕರೆದಿದ್ದೀರಿ. ನಾನು ಮಾಡಿದ ಸಾಧನೆಯಾದರೂ ಏನು? ಐವತ್ತನೆಯ ವಯಸ್ಸಿನಲ್ಲಿ ಒಂದು ಕೆಲಸ ಗಿಟ್ಟಿಸಿಕೊಂಡೆ. ಅಷ್ಟೇ. ಆದರೆ ಅದು ಹೇಗೆ ಸಿಕ್ಕಿತು ಎಂಬುದನ್ನು ಹೇಳಲೇಬೇಕು.

ಇಪ್ಪತ್ತಾರು ವರ್ಷ ನಾನೊಂದು ಚಿಕ್ಕ ಕಾರ್ಖಾನೆಯಲ್ಲಿ ವ್ಯಾಕ್ಯೂಮ್ ಪಂಪು ರಿಪೇರಿ ಮಾಡುತ್ತಿದ್ದೆ. ಚಿಪ್ ತಯಾರಿಸುವ ದೊಡ್ಡ ಕಂಪನಿಗಳ ಪಂಪುಗಳೆಲ್ಲ ಕೆಟ್ಟರೆ ನಮ್ಮಲ್ಲಿಗೇ ಬರುತ್ತಿದ್ದವು. ಮಾಲೀಕರು ತೀರಿಕೊಂಡರು, ಕಾರ್ಖಾನೆ ಮುಚ್ಚಿತು. ಅದೇ ವಾರ ಶಿನ್‌ಚೂ ನಗರದ ಒಂದು ಚಿಪ್ ಕಂಪನಿ ಪಂಪು ತಂತ್ರಜ್ಞರು ಬೇಕೆಂದು ಜಾಹೀರಾತು ಕೊಟ್ಟಿತು. ಕಂಪನಿಯ ಹೆಸರು ಹೇಳುವುದಿಲ್ಲ. ಈಗ ನನಗೆ ಅನ್ನ ಹಾಕುತ್ತಿರುವುದು ಅದೇ!

ನನ್ನ ಮಗಳು ಯೀಶ್ವಾನ್ ಅಲ್ಲಿ ಆಗಲೇ ಇಂಜಿನಿಯರ್. ನಾನು ಅರ್ಜಿ ಹಾಕುತ್ತೇನೆ ಎಂದಾಗ ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಹಾಕಮ್ಮ, ಬೇಡ ಅನ್ನಲ್ಲ. ಆದ್ರೆ ನಾನು ನಿನ್ನ ಮಗಳು ಅಂತ ಮಾತ್ರ ಯಾರಿಗೂ ಹೇಳ್ಬೇಡ."

ಶಿಫಾರಸು ಎಂದು ಜನ ಆಡಿಕೊಂಡಾರು, ಅದಕ್ಕೇ ಹೇಳಿದ್ದಾಳೆ ಎಂದುಕೊಂಡೆ. ನಿಜವಾಗಿ ಹಾಗೆ ಅಂದುಕೊಂಡೆನೇ? ಇರಲಿ ಬಿಡಿ. "ಕಂಪನಿಯಲ್ಲಿ ನಿಮ್ಮ ಸಂಬಂಧಿಕರು ಇದ್ದಾರೆಯೇ?" ಎಂದು ಅರ್ಜಿ ಕೇಳಿತು. "ಇಲ್ಲ" ಎಂದು ಬರೆದೆ. ಮಕ್ಕಳೇ, ಅದು ತಪ್ಪು. ನೀವು ಹಾಗೆ ಬರೆಯಬೇಡಿ.

ಮೊದಲ ಸುತ್ತು ಫೋನಿನಲ್ಲಿ. ಎರಡನೆಯದು ಕಂಪ್ಯೂಟರ್ ಪರೀಕ್ಷೆ. ಮೂರನೆಯದರಲ್ಲಿ ಇನ್ನೂರೆಂಬತ್ತು ಪ್ರಶ್ನೆ. "ಬೆಟ್ಟದ ಮೇಲೆ ಒಬ್ಬರೇ ನಿಂತಾಗ ನಿಮಗೆ ದುಃಖವಾಗುತ್ತದೆಯೇ?" ಪಂಪಿಗೂ ಬೆಟ್ಟಕ್ಕೂ ಏನು ಸಂಬಂಧ ಸ್ವಾಮಿ? ನಾಲ್ಕನೆಯದರಲ್ಲಿ ನನ್ನ ಮಗಳಿಗಿಂತ ಚಿಕ್ಕ ಹುಡುಗಿಯೊಬ್ಬಳು ಕೇಳಿದಳು: "ಐದು ವರ್ಷದ ನಂತರ ನೀವು ಎಲ್ಲಿರ್ತೀರ ಆಂಟಿ?" "ಐವತ್ತೈದರಲ್ಲಿ ಇರ್ತೀನಮ್ಮ" ಎಂದೆ. ಅವಳು ಅದನ್ನೂ ಬರೆದುಕೊಂಡಳು. ಐದನೆಯ ಸುತ್ತಿಗೆ ಸಂದರ್ಶಕರೇ ಬರಲಿಲ್ಲ. ನಾಲ್ಕು ಗಂಟೆ ಕಾದು ಸ್ಕೂಟರ್ ಹತ್ತಿದೆ. ಆರನೆಯದಕ್ಕೆ ಹೋದರೆ ನನ್ನ ಕಡತವೇ ಕಾಣೆ, ಬೆಟ್ಟದ ಪ್ರಶ್ನೆಯಿಂದ ಮತ್ತೆ ಶುರು. ಆವತ್ತು ಅವರ ಶೌಚಾಲಯದಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಇದನ್ನು ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂತು.

ಏಳನೆಯ ಸುತ್ತು. ಎದುರಿಗೆ ವಿಭಾಗದ ಮುಖ್ಯಸ್ಥರಾದ ಲ್ಯಾವ್ ಅವರು.

"ಫಾನ್ ಅವರೇ, ಸಂಬಂಧಿಕರು ಯಾರೂ ಇಲ್ಲ ಅಂತ ಬರೆದಿದ್ದೀರಿ. ಆದ್ರೆ ತುರ್ತಿಗೆ ಅಂತ ಕೊಟ್ಟಿರೋ ನಂಬರು ನಮ್ಮ ಇಂಜಿನಿಯರ್ ಒಬ್ಬರದು. ಏನಿದು?"

ಗಂಡ ಹೋಗಿ ಒಂಬತ್ತು ವರ್ಷ. ನನಗೇನಾದರೂ ಆದರೆ ತಿಳಿಸಲು ಈ ಲೋಕದಲ್ಲಿ ಇನ್ನಾರ ನಂಬರು ಕೊಡಲಿ? ಕೈ ತಾನಾಗಿ ಅವಳ ನಂಬರು ಬರೆದಿತ್ತು. ಅವರು ಅಲ್ಲಿಂದಲೇ ಆ ನಂಬರಿಗೆ ಫೋನು ಮಾಡಿದರು.

ಯೀಶ್ವಾನ್ ಬಿಳಿ ಮೇಲುಡುಪಿನಲ್ಲೇ ಓಡಿಬಂದಳು. ನನ್ನನ್ನು ನೋಡಿದಳು, ಲ್ಯಾವ್ ಅವರು ಮುಂದೆ ಹಿಡಿದ ಅರ್ಜಿಯನ್ನು ನೋಡಿದಳು. ಅವಳು "ಇವರು ಯಾರೋ ಗೊತ್ತಿಲ್ಲ" ಎಂದಿದ್ದರೂ ನಾನು ಕ್ಷಮಿಸುತ್ತಿದ್ದೆ. ಆದರೆ ಅವಳು ನನ್ನ ಕುರ್ಚಿಯ ಪಕ್ಕ ಬಂದು ನಿಂತಳು.

"ಸರ್, ಇವ್ರು ನಮ್ಮಮ್ಮ. ಹಾಗೆ ಬರೆಯೋ ಹಾಗೆ ಮಾಡಿದ್ದು ನಾನು. ಅಮ್ಮನ ಉಗುರಲ್ಲಿ ಯಾವಾಗ್ಲೂ ಗ್ರೀಸ್ ಇರುತ್ತೆ ಅಂತ ನಂಗೆ ನಾಚಿಕೆ ಆಗ್ತಿತ್ತು. ತಪ್ಪು ನಂದು. ಬೇಕಾದ್ರೆ ನನ್ನ ಕೆಲಸ ತೆಗೀರಿ. ಆದ್ರೆ ನಮ್ಮ ಪಂಪುಗಳನ್ನ ಇಷ್ಟು ವರ್ಷ ಸರಿ ಮಾಡಿ ಕಳಿಸ್ತಿದ್ದಿದ್ದು ಇವ್ರೇ."

ಲ್ಯಾವ್ ಅವರು ಅರ್ಜಿಯನ್ನು ಪಕ್ಕಕ್ಕಿಟ್ಟು ನನ್ನನ್ನು ಕೇಳಿದರು: "ಈ ಏಳು ಸುತ್ತಲ್ಲಿ ಒಬ್ರೂ ನಿಮಗೆ ಒಂದು ಪಂಪು ತೋರಿಸ್ಲಿಲ್ವಾ?"

"ಬೆಟ್ಟ ತೋರಿಸಿದ್ರು ಸರ್, ಪಂಪು ತೋರಿಸ್ಲಿಲ್ಲ."

ಅವರು ನಕ್ಕುಬಿಟ್ಟರು. ಹನ್ನೊಂದು ದಿನಗಳಿಂದ ಯಾರಿಗೂ ಬಗ್ಗದೆ ಕರಕರ ಸದ್ದು ಮಾಡುತ್ತಿದ್ದ ಒಂದು ಪಂಪಿನ ಮುಂದೆ ನನ್ನನ್ನು ಕರೆದೊಯ್ದು ನಿಲ್ಲಿಸಿದರು. ಬೇರಿಂಗ್ ಹೋಗಿದೆ ಎಂದು ಇಬ್ಬರು ಇಂಜಿನಿಯರುಗಳು ವಾದಿಸುತ್ತಿದ್ದರು. ನಾನು ಕಿವಿಗೊಟ್ಟು ಕೇಳಿದೆ. "ಬೇರಿಂಗ್ ಚೆನ್ನಾಗಿದೆ. ಒಳಗೆ ಪುಡಿ ಕಟ್ಟಿದೆ" ಎಂದೆ. ನಿಲ್ಲಿಸಿ ಬಿಚ್ಚಿಸಿದೆ. ಒಳಗೆ ಬೂದಿಯಂಥ ಪುಡಿ ಗಟ್ಟಿಯಾಗಿ ಅಂಟಿತ್ತು! ಕೆರೆದು, ತೊಳೆದು, ಜೋಡಿಸಿ ಚಾಲೂ ಮಾಡಿದಾಗ ಪಂಪು ಹಾಲು ಕುಡಿದ ಮಗುವಿನಂತೆ ಸುಮ್ಮನಾಯಿತು. ಅರ್ಜಿಯನ್ನು ತಿದ್ದಿ ಬರೆದುಕೊಡಿ ಎಂದರು, ಬರೆದುಕೊಟ್ಟೆ. ಮುಂದಿನ ಸೋಮವಾರ ಕೆಲಸಕ್ಕೆ ಸೇರಿದೆ.

ಈಗ ನಮ್ಮ ವಿಭಾಗಕ್ಕೆ ತಂತ್ರಜ್ಞರನ್ನು ಆರಿಸುವವಳು ನಾನೇ. ಎರಡೇ ಸುತ್ತು. ಮೊದಲನೆಯದು ಪಂಪಿನ ಮುಂದೆ, ಎರಡನೆಯದು ಚಹಾದ ಮುಂದೆ. ಈ ಶಾಲೆಯ ಒಂಬತ್ತು ಮಕ್ಕಳು ಹಾಗೆಯೇ ಬಂದಿದ್ದಾರೆ; ಇನ್ನೂ ಬನ್ನಿ.

ಕೊನೆಯದಾಗಿ ಒಂದು ಮಾತು. ಸೇರಿದ ಮೊದಲ ದಿನ ಊಟದ ತಟ್ಟೆ ಹಿಡಿದು, ಮುನ್ನೂರು ಜನರ ಕ್ಯಾಂಟೀನಿನಲ್ಲಿ ಎಲ್ಲಿ ಕೂರಲಿ ಎಂದು ತಿಳಿಯದೆ ನಿಂತಿದ್ದೆ. ಆಗ ಆ ತುದಿಯಿಂದ ನನ್ನ ಮಗಳು ಎದ್ದು ನಿಂತು, ಎರಡೂ ಕೈ ಎತ್ತಿ, ಇಡೀ ಕ್ಯಾಂಟೀನ್ ತಿರುಗಿ ನೋಡುವ ಹಾಗೆ ಕೂಗಿದಳು:

"ಅಮ್ಮಾ! ಇಲ್ಲಿ ಬಾರಮ್ಮಾ!"

ಸಭಿಕರೇ, ಈ ಶಾಲು, ಈ ಹಾರ ಎಲ್ಲವೂ ದೊಡ್ಡದೇ. ಆದರೆ ನನ್ನ ಸನ್ಮಾನ ಅಂದೇ ಆಗಿಹೋಗಿದೆ. ಕಲಿಸಿದ ಮೇಷ್ಟರಿಗೂ ಇಷ್ಟು ಹೊತ್ತು ಹಸಿವು ತಡೆದುಕೊಂಡು ಕೇಳಿದ ನಿಮಗೂ ತಲೆಬಾಗಿ ವಂದಿಸುತ್ತೇನೆ. ನಮಸ್ಕಾರ.