ಚಾಪೆ ಸುತ್ತಿದ ಸದ್ದು

ದೀಪ ಸ್ವಲ್ಪ ಸಣ್ಣ ಮಾಡು. ಇದು ಕಟ್ಟುಕತೆ ಅಲ್ಲ, ನಮ್ಮ ಚಿಕ್ಕಪ್ಪನ ಮಗ ತೆಬಾನೊಗೆ ಆದದ್ದು. ನಂಬದವರು ಈಗಲೇ ಎದ್ದು ಹೋಗಿ ಮಲಗಬಹುದು.

ನಮ್ಮ ದ್ವೀಪದ ರನ್‌ವೇ ಮೊದಲು ಹೇಗಿತ್ತು ಗೊತ್ತಲ್ಲ... ಬರೀ ಗುಂಡಿ, ಹಂದಿ ಹೊರಳಾಡುವ ಜಾಗ. ಹೋದ ವರ್ಷ ತೆಬಾನೊನ ತಾಯಿ, ನಮ್ಮ ಕೌರೆ ಚಿಕ್ಕಮ್ಮ, ಕಾಯಿಲೆ ಬಿದ್ದಳು. ರಾಜಧಾನಿ ತರಾವಾದ ಆಸ್ಪತ್ರೆಗೆ ಕಳಿಸೋಣವೆಂದು ಚಾಪೆ ಸಮೇತ ಎತ್ತಿ ತಂದೆವು. ವಿಮಾನ ಬಂತು, ಗುಂಡಿ ನೋಡಿತು, ಎರಡು ಸುತ್ತು ಹಾಕಿ ವಾಪಸ್ ಹೋಯಿತು. ಚಿಕ್ಕಮ್ಮ ಮನೆಗೆ ಬರಲು ಒಪ್ಪಲಿಲ್ಲ. ರನ್‌ವೇ ನಟ್ಟನಡುವೆ ಚಾಪೆ ಹಾಸಿಸಿಕೊಂಡಳು.

"ನನ್ನ ನೋಡಿಯಾದ್ರೂ ಇಳೀಲಿ. ವಿಮಾನ ಬರೋವರೆಗೂ ಏಳಲ್ಲ."

ಮಹಾ ಹಟಮಾರಿ. ಅಲ್ಲೇ ಪ್ರಾಣ ಬಿಟ್ಟಳು.

ಆಮೇಲೆ ಹಡಗಿನಲ್ಲಿ ಜಲ್ಲಿ, ಡಾಂಬರು, ರೋಲರ್ ಎಲ್ಲ ಬಂತು. ಹಳೆಯದನ್ನು ಕೆತ್ತಿ ಹೊಸ ಡಾಂಬರು ಹಾಕಿದರು. ತೆಬಾನೊ ಅಲ್ಲಿನ ಕಾವಲುಗಾರ. ವಿಮಾನ ಬರುವ ಮುಂಚೆ ಹಂದಿಗಳನ್ನೂ, ಸೆಖೆಗೆ ಅಲ್ಲೇ ಬಂದು ಮಲಗುವ ಜನರನ್ನೂ ಎಬ್ಬಿಸಿ ಓಡಿಸುವುದು ಅವನ ಕೆಲಸ. ಒಂದು ತುದಿಯ ಕೆಲಸ ಇನ್ನೂ ಬಾಕಿ ಇತ್ತು... ಅಷ್ಟರಲ್ಲಿ ಅವನ ಮಗಳು ತಿನಾಯ್‌ಗೆ ಹೊಟ್ಟೆನೋವು ಶುರುವಾಯಿತು. ಹೊಟ್ಟೆ ಕಲ್ಲಾಯಿತು. ನಾಳೆ ಆಪರೇಷನ್ ಆಗದಿದ್ದರೆ ಮಗು ಉಳಿಯಲ್ಲ ಎಂದಳು ನರ್ಸ್. ಆಗಿರುವಷ್ಟು ರನ್‌ವೇ ಸಾಕು, ನಸುಕಿಗೆ ಬರುತ್ತೇನೆ ಎಂದ ಪೈಲಟ್.

ಇನ್ನೂ ಕತ್ತಲು. ಮಳೆ ಬಂದು ನಿಂತಿತ್ತು. ತೆಬಾನೊ ರೇಡಿಯೋ, ಟಾರ್ಚು ಹಿಡಿದು ಹಳೇ ಬಾವಿ ದಾಟಿ ಬಂದ. ಬಾವಿಯೊಳಗೆ ಟಿಪ್... ಟಿಪ್... ಬೇರೆ ಸದ್ದಿಲ್ಲ. ರನ್‌ವೇ ಪೂರ್ತಿ ನಡೆದು ನೋಡಿದ. ಖಾಲಿ. ಒಂದು ಹಂದಿ ಕೂಡ ಇಲ್ಲ.

ಗುಂಯ್... ಎಂದು ವಿಮಾನ ಬಂತು. ದೀಪ ಹಾಕಿಕೊಂಡು ಕೆಳಗಿಳಿದದ್ದು ಮತ್ತೆ ಮೇಲೆದ್ದಿತು. ರೇಡಿಯೋ ಕರಕರ ಎಂದಿತು.

"ಮಧ್ಯದಲ್ಲಿ ಯಾರೋ ಮಲಗಿದಾರಲ್ರೀ, ಎಬ್ಬಿಸಿ!"

"ಯಾರೂ ಇಲ್ಲ ಸಾರ್!"

"ಕಾಣ್ತಿದೆಯಲ್ಲ! ಚಾಪೆ ಮೇಲೆ ಮುದುಕಿ, ಬಿಳೀ ಕೂದಲು. ಇನ್ನೊಂದೇ ಸುತ್ತು ಹಾಕೋ ಅಷ್ಟು ಇಂಧನ ಇದೆ. ಎದ್ದಿಲ್ಲ ಅಂದ್ರೆ ಹೊರಟೆ."

ಅಂಚಿನಲ್ಲಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದ ತೆಬಾನೊನ ಹೆಂಡತಿ ಮೇರೆ ಪಿಸುಗುಟ್ಟಿದಳು.

"ಏನಂತೆ?"

"ಅಮ್ಮ ಮಲಗಿದಾಳೆ..."

"ಯಾವ ಅಮ್ಮ?"

"ನಮ್ಮಮ್ಮ."

ಮೇರೆ ಮಗುವನ್ನು ಎದೆಗೆ ಅವಚಿಕೊಂಡಳು. "ಹಾಗಾದ್ರೆ ಹೋಗಿ, ಕಾಲು ಹಿಡ್ಕೊಳ್ಳಿ. ಮಗು ಮಾತಾಡ್ತಿಲ್ಲ."

ಓಡಿದ. ಬರೀ ಡಾಂಬರು. ಹಿರಿಯರ ಮುಂದೆ ಬಗ್ಗುವ ಹಾಗೆ ಬಗ್ಗಿದ.

"ಅಮ್ಮಾ, ಇದು ನಿನಗೆ ಬಂದಿರೋದಲ್ಲ ಕಣಮ್ಮ. ನಿನಗೆ ಬರ್ಲಿಲ್ಲ... ಗೊತ್ತು. ತಿನಾಯ್‌ಗೆ ಬಂದಿದೆ. ಏಳಮ್ಮ."

ಏನೂ ಇಲ್ಲ... ವಿಮಾನದ ಸದ್ದು ತಿರುಗಿ ಹತ್ತಿರವಾಗುತ್ತಿತ್ತು. ತೆಬಾನೊ ನೆಲಕ್ಕೆ ಹಣೆ ಹಚ್ಚಿ ಗೊಳೋ ಎಂದು ಅತ್ತ.

"ಏಳೇ ಅಮ್ಮಾ! ನೀನು ಏಳ್ದಿದ್ರೆ ಅವಳೂ ಇಲ್ಲೇ ನಿನ್ನ ಪಕ್ಕ ಮಲಗ್ತಾಳೆ!"

ಆಗ... ಲಟಕ್. ಚಿಕ್ಕಮ್ಮ ಏಳುವಾಗ ಮಂಡಿ ಹಾಗೇ ಅನ್ನುತ್ತಿತ್ತು. ಆಮೇಲೆ ಸರ್ರ್... ಸರ್ರ್... ಒಣಗಿದ ಕೇದಗೆ ಗರಿಯ ಚಾಪೆ ಸುತ್ತುವ ಸದ್ದು. ಅವನ ಕಿವಿಯ ಪಕ್ಕದಲ್ಲೇ.

"ಸದ್ಯ, ಎದ್ದಳು," ಎಂದಿತು ರೇಡಿಯೋ. "ನೀವೂ ಪಕ್ಕಕ್ಕೆ ಬನ್ನಿ."

ತಿನಾಯ್ ಉಳಿದಳು. ಅಗೋ, ಅಲ್ಲಿ ಬಾಯಿ ತೆರೆದುಕೊಂಡು ಕತೆ ಕೇಳುತ್ತಿದ್ದಾಳಲ್ಲ, ಅವಳೇ.

ವಿಮಾನ ಅವಳನ್ನು ಕರೆದುಕೊಂಡು ಹಾರಿದ ಮೇಲೆ, ಬೆಳಕು ಹರಿದಾಗ, ನಾನೂ ಅಲ್ಲಿಗೆ ಹೋದೆ. ಇದು ಯಾರೋ ಹೇಳಿದ ಮಾತಲ್ಲ. ರಾತ್ರಿಯ ಮಳೆಗೆ ರನ್‌ವೇ ಪೂರ್ತಿ ತೊಯ್ದು ಕಪ್ಪಗೆ ಹೊಳೆಯುತ್ತಿತ್ತು. ನಡುವೆ ಒಂದು ಚಾಪೆಯಷ್ಟು ಜಾಗ ಮಾತ್ರ ಒಣಗಿತ್ತು. ಇದೇ ಕೈಯಿಟ್ಟು ನೋಡಿದೆ.

ಬೆಚ್ಚಗಿತ್ತು.