ಮೇಲಿನ ಸಾಲು ಹೇಳಿದಂತೆ

ಈ ಸಭೆಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಕಲಾಸಂಘದ ಸದಸ್ಯರೇ, ಕುರ್ಚಿ ಸಿಗದೆ ಬಾಗಿಲ ಬಳಿ ನಿಂತೇ ಕೇಳುತ್ತಿರುವ ಸಭಿಕರೇ,

ಸನ್ಮಾನ ನನ್ನ ಹೆಂಡತಿಗೆ ಮತ್ತು ಮಗಳಿಗೆ. ಮಾತು ಮಾತ್ರ ನನ್ನ ಪಾಲಿಗೆ. ಮಗಳು ಮೈಕ್ ಕಂಡರೆ ಹಿಂದಿನ ಸಾಲಿಗೆ ಸರಿಯುತ್ತಾಳೆ. ಹೆಂಡತಿ ಮಾತಿಗೆ ನಿಂತರೆ, ಎಲ್ಲಿಂದ ಹೊರಟೆ ಎಂಬುದೇ ನಡುದಾರಿಯಲ್ಲಿ ಮರೆತುಹೋಗುತ್ತದೆ. ನಾನೋ ಕನ್ನಡಕದ ವ್ಯಾಪಾರಿ. ಜನರ ಕಣ್ಣಿನ ದೋಷ ಹೇಳಬಲ್ಲೆ, ಚಿತ್ರದ ಗುಣ ಹೇಳಲಾರೆ. ಆದ್ದರಿಂದ ನಡೆದದ್ದನ್ನಷ್ಟೇ ಹೇಳುತ್ತೇನೆ.

ನನ್ನ ಹೆಂಡತಿಯದು ಕಸೂತಿಯಲ್ಲಿ ಪಳಗಿದ ಕೈ. ಚೌಕಳಿ ಬಟ್ಟೆಯ ಮನೆಗಳನ್ನು ಎಣಿಸಿ ಎಣಿಸಿ ಹೂವು, ಹಕ್ಕಿ ಹಾಕುತ್ತಿದ್ದಳು. ಆ ಕೆಲಸದಲ್ಲಿ ಎಣಿಕೆಯೇ ಪ್ರಾಣವಲ್ಲವೇ? ಮಿದುಳು ಜ್ವರ ಬಂತು. ಜೀವ ಉಳಿಯಿತು, ನಾವೂ ಅವಳ ನೆನಪಿನಲ್ಲಿ ಉಳಿದೆವು. ಆದರೆ ಈಗ ತಾನೇ ನಡೆದದ್ದು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಹಸಿ ಗೋಡೆಗೆ ಅಂಟಿಸಿದ ಕಾಗದದಂತೆ ಕಳಚಿ ಬೀಳುತ್ತದೆ. ಆಸ್ಪತ್ರೆಯಿಂದ ಬಂದವಳು ಒಂದು ಹಕ್ಕಿ ಹಾಕಲು ಕೂತಳು. ರೆಕ್ಕೆ ಮುಗಿಯುವ ಮೊದಲೇ ಲೆಕ್ಕ ತಪ್ಪಿತು. ಬಿಚ್ಚಿದಳು, ಹಾಕಿದಳು, ಮತ್ತೆ ಬಿಚ್ಚಿದಳು. ಕೊನೆಗೆ ದಾರದ ಡಬ್ಬಿಯನ್ನು ನನ್ನ ಮಡಿಲಿಗೆ ತಳ್ಳಿ, "ಯಾರಿಗಾದ್ರೂ ಕೊಟ್ಬಿಡಿ ರೀ," ಎಂದು ಅತ್ತಳು. ಅತ್ತದ್ದನ್ನು ಅವಳು ಮರೆತಳು. ನಾನು ಮರೆಯಬೇಕಲ್ಲ?

ಮಗಳು ಕಂಪ್ಯೂಟರಿನಲ್ಲಿ ಚಿತ್ರ ಮಾಡುವವಳು. ಕುಂಚವಿಲ್ಲ, ಬಣ್ಣದ ಬಟ್ಟಲಿಲ್ಲ. ಒಂದು ಸಾಲು ಚೌಕಗಳಿಗೆ ಒಂದು ನಿಯಮ ಕೊಡುತ್ತಾಳೆ. ಪ್ರತಿ ಚೌಕವೂ ಮೇಲಿನ ಸಾಲಿನ ನೆರೆಹೊರೆಯನ್ನು ನೋಡಿ, ತಾನು ಕಪ್ಪಾಗಬೇಕೋ ಬಿಳಿಯಾಗಬೇಕೋ ಎಂದು ತೀರ್ಮಾನಿಸುತ್ತದೆ. ಹೀಗೆ ಸಾಲಿನ ಕೆಳಗೆ ಸಾಲು ಹುಟ್ಟಿ ಪರದೆ ತುಂಬ ತ್ರಿಕೋನಗಳು ಬೆಳೆಯುತ್ತವೆ. ಇದಕ್ಕೆ ಸೆಲ್ಯುಲಾರ್ ಆಟೊಮ್ಯಾಟಾ ಎನ್ನುತ್ತಾರಂತೆ. ಆ ಹೆಸರು ಹೇಳುವಾಗ ನನ್ನ ಹಲ್ಲಿನ ಸೆಟ್ಟು ಸಡಿಲವಾಗುತ್ತದೆ.

ಒಂದು ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಬಟ್ಟೆ ಹರಡಿ, ಅಮ್ಮನ ಪಕ್ಕ ಕೂತಳು.

"ಎಣಿಸೋದೇ ಬೇಡಮ್ಮ. ಮೇಲಿನ ಸಾಲು ನೋಡು. ಈ ಮನೆಯ ಎಡ ಮೂಲೆಗೆ ತಾಗೋ ಮನೆ, ಬಲ ಮೂಲೆಗೆ ತಾಗೋ ಮನೆ. ಒಂದರಲ್ಲಿ ಮಾತ್ರ ದಾರ ಇದ್ರೆ ಇಲ್ಲೂ ಹಾಕು. ಎರಡರಲ್ಲೂ ಇದ್ರೆ ಬಿಡು. ಎರಡೂ ಖಾಲಿ ಇದ್ರೂ ಬಿಡು."

"ಮರೆತುಹೋದ್ರೆ?"

"ಮರೆತ್ರೆ ಮರೆತುಹೋಗ್ಲಿ ಬಿಡು. ನಿಯಮ ಬರೆದು ಇಲ್ಲೇ ಅಂಟಿಸಿರ್ತೀನಿ. ಮಿಕ್ಕಿದ್ದೆಲ್ಲ ಬಟ್ಟೆ ನೆನಪಿಟ್ಕೊಳ್ಳುತ್ತೆ."

ಸಭಿಕರೇ, ಅವಳು ಸೂಜಿ ಹಿಡಿದಳು! ನಡುವೆ ಎದ್ದು ಹೋಗಿ ಬಂದರೂ, ಮಲಗಿ ಎದ್ದರೂ, ಬಟ್ಟೆ ನೋಡಿದರೆ ಮುಂದಿನ ಹೊಲಿಗೆ ಎಲ್ಲಿ ಎಂಬುದು ತಿಳಿಯುತ್ತಿತ್ತು. ನಾನು ಪಕ್ಕದಲ್ಲಿ ಕೂತು ದಾರ ಪೋಣಿಸಿಕೊಡುತ್ತಿದ್ದೆ. "ಅಂಗಡಿಗೆ ಹೋಗಲ್ವಾ?" ಎನ್ನುತ್ತಾಳೆ. "ಇವತ್ತು ರಜೆ" ಎನ್ನುತ್ತೇನೆ. ದಿನವೂ ಎನ್ನುತ್ತೇನೆ. ಅಂಗಡಿ ಮಾರಿದ ಮೇಲೆ... ಇರಲಿ, ಅದು ಇಲ್ಲಿನ ವಿಷಯವಲ್ಲ. ಅವಳು ಮುಂದಿನ ಸಾಲಿನಲ್ಲೇ ಕೂತಿದ್ದಾಳೆ.

ಬಟ್ಟೆ ಅರ್ಧ ತುಂಬಿದಾಗ ಮಗಳು ಅದನ್ನು ಅದೇ ನಿಯಮದ ಚಿತ್ರವಿದ್ದ ಪರದೆಯ ಪಕ್ಕ ಹಿಡಿದು ನೋಡಿದಳು. ಖಾಲಿ ಇರಬೇಕಾದ ಒಂದು ಮನೆಯಲ್ಲಿ ದಾರ ಬಿದ್ದಿತ್ತು. ಆ ತಪ್ಪಿನ ಕೆಳಗೆ, ನಿಯಮ ಪಾಲಿಸುತ್ತಲೇ, ಇನ್ನೊಂದು ತ್ರಿಕೋನ ಬೆಳೆದು ಮೊದಲಿನದರೊಡನೆ ಹೆಣೆದುಕೊಂಡಿತ್ತು. ಮಗಳು ಕತ್ತರಿ ಎತ್ತಿಕೊಂಡಳು. ಹೆಂಡತಿ ಅವಳ ಮಣಿಕಟ್ಟು ಹಿಡಿದಳು.

"ಬಿಚ್ಬೇಡ ಕಣೇ. ಇದನ್ನ ಹಾಕಿದ್ದು ನನಗೆ ನೆನಪಿಲ್ಲ. ಇಷ್ಟು ದಿನ ನಾನಿದ್ದೆ ಅನ್ನೋದಕ್ಕೆ ಇರೋ ಗುರುತು ಇದೊಂದೇ."

ಮಗಳು ಕತ್ತರಿ ಇಟ್ಟಳು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು, ತನ್ನ ಚಿತ್ರದ ಅದೇ ಮನೆಯಲ್ಲಿ ಅದೇ ತಪ್ಪು ಮಾಡಿದಳು. ಪರದೆಯ ಮೇಲೆ ಅಮ್ಮನ ತ್ರಿಕೋನ ಮೂಡಿತು. ಈ ಗೋಡೆಯ ಮೇಲೆ ಅಕ್ಕಪಕ್ಕ ಇರುವುದು ಅವೆರಡೇ: ದಾರದ್ದೊಂದು, ಮುದ್ರಿಸಿದ್ದೊಂದು.

ಸಭೆ ಶುರುವಾಗುವ ಮೊದಲು ಹೆಂಡತಿಯನ್ನು ಬಟ್ಟೆಯ ಮುಂದೆ ಕರೆದೊಯ್ದೆ. "ಯಾರು ಮಾಡಿದ್ದು ರೀ?" ಎಂದಳು. "ನೀನೇ" ಎಂದೆ. ನಂಬಲಿಲ್ಲ. ಹತ್ತಿರ ಹೋಗಿ ಕೊನೆಯ ಸಾಲಿನ ಕೆಳಗಿನ ಬರಿಯ ಬಟ್ಟೆಯ ಮೇಲೆ ಬೆರಳಿಟ್ಟಳು. ಬೆರಳು ಒಂದೊಂದೇ ಮನೆ ದಾಟಿತು, ತುಟಿ ಅಲುಗಿತು: "ಬಿಡು. ಹಾಕು. ಬಿಡು. ಬಿಡು. ಹಾಕು."

ಆಮೇಲೆ ನನ್ನ ಕಡೆ ತಿರುಗಿ, "ಇದಿನ್ನೂ ಮುಗಿದೇ ಇಲ್ವಲ್ರೀ. ಸೂಜಿ ಎಲ್ಲಿ?" ಎಂದಳು.

ಆದ್ದರಿಂದ ಸಂಘದವರಲ್ಲಿ ಒಂದೇ ವಿನಂತಿ. ಬಟ್ಟೆಗೆ ಗಾಜಿನ ಚೌಕಟ್ಟು ಹಾಕಿಸಬೇಡಿ. ಪ್ರದರ್ಶನ ಮುಗಿದ ಕೂಡಲೇ ಮನೆಗೆ ಕಳಿಸಿಕೊಡಿ. ಅವಳಿಗೆ ಕೆಲಸ ಬಾಕಿ ಇದೆ. ನನ್ನ ಮಾತು ಸಹಿಸಿಕೊಂಡ ತಮಗೆಲ್ಲರಿಗೂ ನಮ್ಮ ಮೂವರ ಕೃತಜ್ಞತೆಗಳು. ನಮಸ್ಕಾರ.