ತಪ್ಪಿಹೋದ ಮಂಗಳವಾರಗಳು

ಆಸ್ಪತ್ರೆಯ ಲಿಫ್ಟಿಗೆ ಕಾಯುತ್ತಿದ್ದ ರೋಗಿಯೊಬ್ಬಳ ಮುಂದೆ ಕಂಪ್ಯೂಟರ್ ವಿಭಾಗದ ಹಿರಿಯರೂ ಅವರ ಕೈಕೆಳಗಿನ ಯುವತಿಯೂ ನಿಂತಿದ್ದರು. ಹಿಂದಿದ್ದ ರೋಗಿ ಅವರ ಮಾತಿಗೆ ಕಿವಿಗೊಟ್ಟಳು.

"ಹೊತ್ತಿಗೆ ಸರಿಯಾಗಿ ಕೆಲಸ ಓಡಿಸೋಕೆ ಹಳೇ ಕ್ರಾನ್ ಪ್ರೋಗ್ರಾಮೇ ಸಾಕಮ್ಮ."

"ಎಲ್ಲಿ ಓಡ್ತಿದೆ ಸರ್? ಮಂಗಳವಾರ ಎರಡು ಗಂಟೆಗೆ, ಅದು ಓಡೋ ಹೊತ್ತಿಗೇ, ನೆಲ ಒರೆಸೋರು ನಮ್ಮ ಕಂಪ್ಯೂಟರ್ ಪ್ಲಗ್ ಕೀಳ್ತಾರೆ. ಕ್ರಾನ್ ಆ ವಾರ ಬಿಟ್ಟೇಬಿಡುತ್ತೆ. ರೋಗಿಗಳಿಗೆ ಮರುಪರೀಕ್ಷೆಯ ಮೆಸೇಜೇ ಹೋಗಲ್ಲ."

"ಮೂರಕ್ಕೆ ಇಡು."

"ಮೂರಕ್ಕೆ ಇನ್ಯಾರೋ ಕೀಳ್ತಾರೆ. ಹೊಸ ಟೈಮರ್ ಆದ್ರೆ, ಕಂಪ್ಯೂಟರ್ ಎದ್ದ ತಕ್ಷಣ ತಪ್ಪಿದ ಕೆಲಸ ಮುಗಿಸುತ್ತೆ."

"ನನ್ನ ಕೇಳದೆ ಮುಟ್ಟಿದ್ರೆ ನಿನ್ನ ಕೆಲಸ ಹೋಗುತ್ತೆ, ನೋಡ್ಕೋ."

"ಬೆಳಿಗ್ಗೆನೇ ಹೊಸ ಟೈಮರ್ ಹಾಕಿಬಿಟ್ಟೆ ಸರ್. ತಪ್ಪಿಹೋಗಿದ್ದ ನಲವತ್ತು ಜನಕ್ಕೆ ಮೆಸೇಜ್ ಹೋಯ್ತು. ಬರಬೇಡಿ ಅಂತ ಬೇಕಾದ್ರೆ ನೀವೇ ಫೋನ್ ಮಾಡಿ."

ಲಿಫ್ಟ್ ಬಂತು. ಯುವತಿಯೂ ಹಿಂದಿದ್ದ ರೋಗಿಯೂ ಒಳಗೆ ಹೋದರು. ಹಿರಿಯರು ಮೆಟ್ಟಿಲ ಕಡೆ ನಡೆದರು.